ಹೆಂಡತಿಯ ಬೇಲದ ಗಿಡಕ್ಕೆ ನಾನು ಮಾಡಿದ ಉಪಚಾರ

ವ್ಯಾಪಾರದಲ್ಲಿ ನನ್ನನ್ನು ಯಾರೂ ಯಾಮಾರಿಸಲಾರರು. ಇದು ಜಂಬದ ಮಾತಲ್ಲ, ಹೊಳಲ್ಕೆರೆ ಮಾರುಕಟ್ಟೆಯಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಮೂಟೆ ಹೊರುವುದರಿಂದ ಶುರು ಮಾಡಿ, ಮೂಟೆ ತೂಗುವವನಾಗಿ, ಕೊನೆಗೆ ಮೂಟೆ ಕೊಳ್ಳುವವನಾದ ಮನುಷ್ಯ ನಾನು. ಅಡಿಕೆಯನ್ನು ಹಲ್ಲಿಗೆ ತಾಗಿಸಿ ಅದು ಯಾವ ಸೀಮೆಯದೆಂದು ಹೇಳಬಲ್ಲೆ. ಶೇಂಗಾಕಾಯಿಯನ್ನು ಅಂಗೈಯಲ್ಲಿ ಕುಲುಕಿ ಒಳಗೆ ಕಾಳು ಎಷ್ಟು ತುಂಬಿದೆ ಎಂದು ಹೇಳಬಲ್ಲೆ. ಕೇಳಿದವರಿಗೆ ಹೇಳುತ್ತೇನೆ, ಕೇಳದವರಿಗೆ ಇನ್ನೂ ವಿವರವಾಗಿ ಹೇಳುತ್ತೇನೆ. ಇಂಥವನಿಗೆ ಮೊಣಕಾಲೆತ್ತರದ ಒಂದು ಗಿಡವನ್ನು ಬೇಸಿಗೆ ಮುಗಿಯುವವರೆಗೆ ಬದುಕಿಸಿಡುವುದು ಏನು ಮಹಾ ಕೆಲಸ?

ಗಿಡ ನನ್ನದಲ್ಲ, ನನ್ನ ಹೆಂಡತಿ ಹಾಲಮ್ಮನದು. ಹಾಲಮ್ಮ ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಹೆಣ್ಣು. ಅವಳ ತವರಿನ ಹಿತ್ತಿಲಲ್ಲಿ ಒಂದು ಬೇಲದ ಮರ ಇತ್ತು. ಬೇಲದ ಹಣ್ಣು ಗೊತ್ತಲ್ಲ, ಮೇಲೆ ಕಲ್ಲಿನಂಥ ಓಡು, ಒಳಗೆ ಹುಣಸೆಹಣ್ಣಿನ ಬಣ್ಣದ ತಿರುಳು. ಅವಳ ತಾಯಿ ಅದನ್ನು ಒರಳುಕಲ್ಲಿಗೆ ಕುಟ್ಟಿ ಒಡೆದು, ಬೆಲ್ಲ ಕಲಸಿ, ಓಡಿನಲ್ಲೇ ತುಂಬಿ ಮಕ್ಕಳ ಕೈಗೆ ಕೊಡುತ್ತಿದ್ದರಂತೆ. ತಾಯಿ ಹೋದರು. ಆಮೇಲೆ ದನದ ಕೊಟ್ಟಿಗೆಗೆ ಜಾಗ ಸಾಲದು ಎಂದು ಹಾಲಮ್ಮನ ತಮ್ಮ ರುದ್ರಪ್ಪ ಮರವನ್ನೂ ಕಡಿಸಿದ. ಹಾಲಮ್ಮ ಕಡೆಯ ಹಣ್ಣುಗಳ ಬೀಜ ತಂದು ಎಣ್ಣೆ ಡಬ್ಬದಲ್ಲಿ ಊರಿದಳು. ಮೊಳೆತದ್ದು ಒಂದೇ. ಅದನ್ನು ಮಳೆಗಾಲದಲ್ಲಿ ನಮ್ಮ ಹಿತ್ತಿಲಲ್ಲಿ ನೆಟ್ಟು, ಬೆಳಿಗ್ಗೆ ಎದ್ದರೆ ಮೊದಲು ಅದರ ಮುಖ ನೋಡಿ ಆಮೇಲೆ ನನ್ನ ಮುಖ ನೋಡುತ್ತಿದ್ದಳು. ನನಗೇನೂ ಬೇಜಾರಿರಲಿಲ್ಲ. ಎರಡನ್ನೂ ನೋಡಿದವರು ಅವಳು ಮಾಡಿದ್ದೇ ಸರಿ ಎನ್ನುತ್ತಿದ್ದರು.

ಯುಗಾದಿ ಕಳೆದ ಮೇಲೆ ಹಿರಿಯೂರಿನಲ್ಲಿದ್ದ ಅವಳ ತಂಗಿಗೆ ಹೆರಿಗೆಯಾಯಿತು. ತಾಯಿ ಇಲ್ಲದ ಮೇಲೆ ಬಾಣಂತನ ಅಕ್ಕನದೇ. ಹೊರಡುವ ದಿನ ಹಾಲಮ್ಮ ನನ್ನನ್ನು ಕರೆದುಕೊಂಡು ಹೋಗಿ ಗಿಡದ ಮುಂದೆ ನಿಲ್ಲಿಸಿದಳು.

“ಸಂಜೆ ಹೊತ್ತು ಒಂದು ಕೊಡ ನೀರು ಹಾಕ್ರಿ. ಅಷ್ಟೇ.”

“ಅಷ್ಟೇನಾ?”

“ಅಷ್ಟೇ. ಬೇರೆ ಏನೂ ಮಾಡಬ್ಯಾಡ್ರಿ. ನಿಮ್ಮ ತಲೆ ಓಡಿಸಬ್ಯಾಡ್ರಿ.”

“ನೀ ಬರೋ ಹೊತ್ತಿಗೆ ಗಿಡ ಎರಡು ಪಟ್ಟು ಆಗಿರತೈತೆ, ನೋಡ್ತಿರು.”

“ಎರಡು ಪಟ್ಟು ಬ್ಯಾಡ. ಇದ್ದಷ್ಟೇ ಇರಲಿ” ಎಂದು ಬಸ್ಸು ಹತ್ತಿದಳು.

ಓಡಿಸಬಾರದು ಎಂದರೆ ತಲೆ ಯಾತಕ್ಕೆ? ಕೆಲವು ದಿನ ಬರೀ ನೀರು ಹಾಕಿದೆ. ಆಮೇಲೆ ಒಂದು ಸಂಜೆ ನನ್ನ ಟ್ರಾನ್ಸಿಸ್ಟರ್‌ನಲ್ಲಿ ರೈತರ ಕಾರ್ಯಕ್ರಮ ಬಂತು. ಬೇಸಿಗೆಯಲ್ಲಿ ಗಿಡದ ಬುಡಕ್ಕೆ ಹೊಟ್ಟು, ಸೊಪ್ಪು, ಸಿಪ್ಪೆ ಏನಾದರೂ ಹೊದಿಸಿದರೆ ನೆಲದ ತೇವ ಆರುವುದಿಲ್ಲ ಎಂದು ಯಾರೋ ತಿಳಿದವರು ಹೇಳಿದರು. ನನಗೆ ಆನಂದವಾಯಿತು. ಮನುಷ್ಯರಿಗೆ ಚಳಿಗೆ ಕಂಬಳಿ, ಗಿಡಕ್ಕೆ ಬಿಸಿಲಿಗೆ ಕಂಬಳಿ. ಕಂಬಳಿ ಯಾವುದು ಎಂಬುದೊಂದನ್ನು ಮಾತ್ರ ಅವರು ನನಗೆ ಬಿಟ್ಟಿದ್ದರು. ಮಾಲು ಆರಿಸುವುದು ನನ್ನ ಕಸುಬು ತಾನೇ.

ಮೊದಲು ಮರ ಕೊಯ್ಯುವ ಮಿಲ್ಲಿನಿಂದ ಹೊಟ್ಟು ತಂದೆ. ಮಿಲ್ಲಿನವನು ಪುಕ್ಕಟೆ ಒಯ್ಯಿರಿ ಎಂದ. ಪುಕ್ಕಟೆ ಅಂದಮೇಲೂ ಚೌಕಾಸಿ ಮಾಡಿ, ಗಾಡಿಗೂ ಅವನಿಂದಲೇ ಏರ್ಪಾಟು ಮಾಡಿಸಿಕೊಂಡೆ. ಗಿಡದ ಸುತ್ತ ಮೆತ್ತಗೆ, ಹೊಂಬಣ್ಣವಾಗಿ, ಕಲ್ಯಾಣಮಂಟಪದ ಹಾಸಿನಂತೆ ಹರಡಿದೆ. ಮಧ್ಯಾಹ್ನ ಗಾಳಿ ಎದ್ದಿತು. ಪಕ್ಕದ ಮನೆಯ ತಿಪ್ಪಮ್ಮ ತಾರಸಿಯ ಮೇಲೆ ಸಂಡಿಗೆ ಇಟ್ಟಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ನಾನು ಅಕ್ಕ ಎನ್ನುತ್ತೇನೆ. ಸಂಜೆ ಗೋಡೆಯ ಆಚೆಯಿಂದ ಅವರ ದನಿ ಬಂತು.

“ತಮ್ಮಾ, ಒಂಚೂರು ಬಾ ಇಲ್ಲಿ. ಈ ಸಂಡಿಗೆಯಾಗೆ ಜೀರಿಗೆ ಯಾವುದು, ನಿನ್ನ ಹೊಟ್ಟು ಯಾವುದು, ಆರಿಸಿ ಕೊಡು.”

ಆರಿಸಲು ಕುಳಿತೆ. ಆಗಲಿಲ್ಲ. ಇಂದಿಗೂ ಅವರ ಮನೆಯಲ್ಲಿ ಸಂಡಿಗೆ ಕರಿದರೆ ನನಗೆ ಮಾತ್ರ ಒಂದು ಹೆಚ್ಚಿಗೆ ಬಡಿಸುತ್ತಾರೆ.

ಎರಡನೆಯದು ಅಡಿಕೆ ಸಿಪ್ಪೆ. ನಮ್ಮ ಊರ ಸುತ್ತ ಅದಕ್ಕೆ ಬರವಿಲ್ಲ. ತೂಕ ಇರುತ್ತದೆ, ಗಾಳಿಗೆ ಹಾರುವುದಿಲ್ಲ. ಗಿಡದ ಸುತ್ತ ಎತ್ತರವಾಗಿ ಪೇರಿಸಿ, ನೀರು ಚಿಮುಕಿಸಿ ತಣ್ಣಗೆ ಮಾಡಿಟ್ಟೆ. ಆ ತಂಪು ಬೀದಿಯ ಕೆಂದ ನಾಯಿಗೂ ಹಿಡಿಸಿತು. ಅದು ಬಂದು ಅಲ್ಲೇ ಮರಿ ಹಾಕಿತು. ಬಾಣಂತಿ ನಾಯಿ ನನ್ನನ್ನು ಗಿಡದ ಹತ್ತಿರ ಬಿಡುವುದುಂಟೆ? ನಾನು ಕಟ್ಟೆಯ ಮೇಲೆ ನಿಂತು ತಂಬಿಗೆಯಿಂದ ನೀರು ಎಸೆಯತೊಡಗಿದೆ. ಅಕ್ಕ ತಂಗಿಯ ಬಾಣಂತನಕ್ಕೆ ಹೋದಳು, ಇಲ್ಲಿ ಭಾವನಿಗೂ ಒಂದು ಬಾಣಂತನ ಗಂಟುಬಿತ್ತು. ಮರಿಗಳು ಕಣ್ಣು ಬಿಟ್ಟು ತಾಯಿಯ ಹಿಂದೆ ಹೋಗುವವರೆಗೆ ಕಾದು, ಸಿಪ್ಪೆಯನ್ನೆಲ್ಲ ಎಳೆದು ಹಾಕಿದೆ. ಗಿಡ ಚೆನ್ನಾಗಿಯೇ ಇತ್ತು. ಆ ಹೊತ್ತಿಗೆ ಸುಮ್ಮನಿದ್ದಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

ಸುಮ್ಮನಿರಲಿಲ್ಲ. ಪರಿಚಯದ ರೈತನೊಬ್ಬನ ಕಣದಲ್ಲಿ ಕಾಯಿ ಬಿಡಿಸಿದ ಮೇಲೆ ಉಳಿದ ಶೇಂಗಾ ಬಳ್ಳಿಯ ಬಣವೆ ಇತ್ತು. ನನ್ನ ಚಾಲಾಕಿತನ ಬಳಸಿ, ಬಣವೆಯ ಬುಡ ಕಪ್ಪಾಗಿದೆ, ಮುಗ್ಗಿದೆ ಎಂದು ಮೂಗು ಮುರಿದು, ಒಂದು ಗಾಡಿ ಬಳ್ಳಿ ಎತ್ತಿಸಿಕೊಂಡು ಬಂದೆ. ಹಗುರವೂ ಅಲ್ಲ, ಭಾರವೂ ಅಲ್ಲ, ನಾಯಿಗೂ ಚುಚ್ಚುತ್ತದೆ. ಬೇಲಕ್ಕೆ ಹೊದಿಸಿ, ಉಳಿದದ್ದನ್ನು ದಾಳಿಂಬೆ, ನುಗ್ಗೆ, ಪರಂಗಿ ಎಂದು ಹಿತ್ತಿಲ ತುಂಬ ಹಾಸಿದೆ.

ತಿಪ್ಪಮ್ಮ ಗೋಡೆಯ ಮೇಲಿಂದ ನೋಡಿ ಕೆನ್ನೆಗೆ ಕೈ ಹಚ್ಚಿದರು. “ದನಕ್ಕೆ ಹಾಕೋ ಮೇವು ಮಣ್ಣಿಗೆ ಹಾಕ್ತಾರೇನಪ್ಪ ಯಾರಾದ್ರೂ?”

“ಅಕ್ಕಾ, ಇದು ಹೊಸ ಪದ್ಧತಿ. ನಿಮಗೆ ತಿಳಿಯಲ್ಲ.”

“ನನಗೆ ತಿಳಿಯಲ್ಲ, ಸರಿ. ದನಕ್ಕೆ ತಿಳಿಯತೈತೆ ನೋಡು” ಎಂದು ಇಳಿದು ಹೋದರು.

ದನ ಬರದಂತೆ ನಾನು ಹಿಂದಿನ ಗೇಟಿಗೆ ಸರಪಳಿ ಹಾಕಿದೆ. ಅಷ್ಟು ದೂರಾಲೋಚನೆ ನನಗೂ ಇದೆ.

ಬೇಸಿಗೆಯಲ್ಲಿ ಯಲ್ಲದಕೆರೆ ಕಡೆಯ ಕುರಿ ಮಂದೆಗಳು ನಮ್ಮ ಕಡೆ ಬರುತ್ತವೆ. ಹೊಲದಲ್ಲಿ ಒಂದು ರಾತ್ರಿ ಮಂದೆ ತಂಗಿಸಿದರೆ ಹಿಕ್ಕೆ, ಗಂಜಳ ಬಿದ್ದು ನೆಲಕ್ಕೆ ಕಸುವು ಬರುತ್ತದೆ. ಅದಕ್ಕಾಗಿ ಹೊಲದವರು ಕುರಿಗಾರನಿಗೆ ಕಾಳು ಅಳೆದು ಊಟ ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಆ ಸಂಜೆ ಚಿತ್ತಯ್ಯ ಎಂಬ ಕುರಿಗಾರ ತನ್ನ ಮಂದೆ ಹೊಡೆದುಕೊಂಡು ನಮ್ಮ ಹಿತ್ತಿಲ ಹಿಂದಿನ ದಾರಿಯಲ್ಲಿ ಬಂದ. ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಮೇಲೆ ಹೊದಿಕೆ, ಹೊದಿಕೆಯ ಮೇಲೆ ಗೊಬ್ಬರ. ಹಾಲಮ್ಮ ಬಂದು ನೋಡಿದರೆ ಮೂಕಳಾಗಬೇಕು.

“ಏನಪ್ಪ ಚಿತ್ತಯ್ಯ, ಇವತ್ತು ಎಲ್ಲಿ ತಂಗೋದು?”

“ಆ ಕಡೆ ಹೊಲದವರು ಕಾಳು ಕೊಡ್ತೀನಿ ಅಂದವ್ರೆ ಯಜಮಾನ್ರೆ.”

“ಹೊಲದಾಗೆ ತೋಳ ಬಂದರೆ? ಕಳ್ಳರು ಬಂದರೆ? ನನ್ನ ಹಿತ್ತಿಲು ನೋಡು. ಸುತ್ತ ಗೋಡೆ, ಕುಡಿಯಾಕೆ ತೊಟ್ಟಿ ತುಂಬ ನೀರು. ನೀನು ಕಣ್ತುಂಬ ನಿದ್ದೆ ಮಾಡಬೌದು. ನ್ಯಾಯವಾಗಿ ನೀನೇ ನನಗೆ ಕೊಡಬೇಕು.”

ಚಿತ್ತಯ್ಯ ಗೇಟಿನ ಮೇಲಿಂದ ಇಣುಕಿದ. ಬಳ್ಳಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ನನ್ನನ್ನು ನೋಡಿದ. ಮತ್ತೆ ಬಳ್ಳಿ ನೋಡಿದ.

“ಕಾಳು ಗೀಳು ಏನೂ ಬ್ಯಾಡ ಯಜಮಾನ್ರೆ. ಒಂದು ಮುದ್ದೆ ಹಾಕಿಸಿಬಿಡ್ರಿ ಸಾಕು.”

ಅಷ್ಟು ಬೇಗ ಒಪ್ಪಿದವನನ್ನು ನನ್ನ ಜೀವಮಾನದಲ್ಲೇ ಕಂಡಿರಲಿಲ್ಲ. ಇಲ್ಲಿ ಓದುಗರಿಗೆ ಒಂದು ಸಲಹೆ: ಎದುರಿನವನು ಚೌಕಾಸಿ ಮಾಡದೆ ಒಪ್ಪಿದರೆ, ಅವನ ಕಣ್ಣು ಯಾವುದರ ಮೇಲಿದೆ ನೋಡಿಕೊಳ್ಳಿ. ನಾನು ನೋಡಲಿಲ್ಲ. ತಿಪ್ಪಮ್ಮನವರ ಮನೆಯಿಂದ ಮುದ್ದೆ, ಹುರುಳಿ ಸಾರು ಹಾಕಿಸಿ, ಗಿಡದ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಹೇಳಿದೆ. “ಆ ಮೂಲೆಯ ಬೇಲದ ಗಿಡ ನೋಡ್ಕೋ.” ಅವನು ಆಗಲಿ ಎಂದ. ನನಗೂ ಚಿಂತೆಯಿರಲಿಲ್ಲ. ಬೇಲಕ್ಕೆ ಮುಳ್ಳುಂಟು. ಮುಳ್ಳಿನ ಗಿಡಕ್ಕೆ ಯಾವ ಪ್ರಾಣಿ ಬಾಯಿ ಹಾಕುತ್ತದೆ?

ಮೇಕೆ ಹಾಕುತ್ತದೆ. ಪ್ರತಿ ಕುರಿ ಮಂದೆಯಲ್ಲೂ ನಾಲ್ಕಾರು ಮೇಕೆ ಇರುತ್ತವೆ ಎಂಬುದು ಈ ಜಿಲ್ಲೆಯ ಎಳೆಮಗುವಿಗೂ ಗೊತ್ತು.

ಬೆಳಿಗ್ಗೆ ಹಿತ್ತಿಲ ಬಾಗಿಲು ತೆರೆದೆ. ಗುಡಿಸಿ ಸಾರಿಸಿದ ಅಂಗಳದ ಹಾಗಿತ್ತು. ಬಳ್ಳಿಯ ಒಂದು ಎಲೆ ಇಲ್ಲ. ದಾಳಿಂಬೆ ಇಲ್ಲ, ಪರಂಗಿ ಇಲ್ಲ, ನುಗ್ಗೆಯ ತೊಗಟೆ ಕೂಡ ಇಲ್ಲ. ಮೂಲೆಯಲ್ಲಿ ಬೇಲ ಇದ್ದ ಜಾಗದಲ್ಲಿ ಒಂದು ಗೇಣು ಕಡ್ಡಿ ನಿಂತಿತ್ತು. ಹಿಕ್ಕೆ ಮಾತ್ರ ಧಾರಾಳವಾಗಿತ್ತು. ಗೊಬ್ಬರಕ್ಕೆ ಕೊರತೆ ಇಲ್ಲ, ಗೊಬ್ಬರ ಹಾಕಲು ಗಿಡವೇ ಇಲ್ಲ!

ಚಿತ್ತಯ್ಯ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಎರಡೂ ಕೈ ಮುಗಿದ.

“ಮಂದೆ ಕರೆಯೋರು ಬಾಳ ಜನ ಸಿಗ್ತಾರೆ ಯಜಮಾನ್ರೆ. ಮೇವು ಹಾಸಿ ಮಂದೆ ಕರೆದೋರನ್ನ ನಿಮ್ಮನ್ನೇ ನೋಡಿದ್ದು. ಈ ಬ್ಯಾಸಿಗೆಯಾಗೆ ನನ್ನ ಕುರಿ ಹೊಟ್ಟೆ ತುಂಬ ಉಂಡಿದ್ದು ಇವತ್ತೇ. ದೇವರು ನಿಮ್ಮನ್ನ ಚೆಂದಾಗಿಟ್ಟಿರ್ಲಿ.”

“ಗಿಡ ನೋಡ್ಕೋ ಅಂದಿದ್ದೆನಲ್ಲೋ.”

“ನೋಡಿದೆ ಯಜಮಾನ್ರೆ. ಎಲ್ಲಾನೂ ಹಾಸಿ ಬಿಟ್ಟಿದೀರಿ, ಅದನ್ನೂ ಮಂದೆಗೇ ಬಿಟ್ಟಿದೀರಿ ಅಂದ್ಕಂಡೆ.”

ಅವನು ಹೇಳಿದ್ದರಲ್ಲಿ ವ್ಯಂಗ್ಯ ಲವಲೇಶವೂ ಇರಲಿಲ್ಲ. ಅವನು ನನ್ನನ್ನು ನಿಜವಾಗಿ ಪುಣ್ಯಾತ್ಮ ಎಂದೇ ತಿಳಿದಿದ್ದ. ಪುಣ್ಯಾತ್ಮನಾದವನು ಜಗಳ ತೆಗೆಯುವುದು ಹೇಗೆ? ಗೇಟು ತೆರೆದು ಕಳಿಸಿದೆ.

ಹಾಲಮ್ಮ ಬರುವ ದಿನ ಹತ್ತಿರವಾಗಿತ್ತು. ಆ ಗೇಣು ಕಡ್ಡಿ ಅವಳ ಕಣ್ಣಿಗೆ ಬೀಳದಿರಲಿ ಎಂದು ಕಿತ್ತು ತಿಪ್ಪೆಗೆ ಎಸೆದೆ. ಇನ್ನೊಂದು ಬೇಲದ ಸಸಿ ತಂದು ಅಲ್ಲೇ ನೆಟ್ಟರೆ ಮುಗಿಯಿತು. ಊರಾಚೆಯ ಗುಡ್ಡದಲ್ಲಿ ಏನೇನೋ ಕಾಡುಹಣ್ಣಿನ ಗಿಡಗಳಿವೆ, ಬೇಲ ಇಲ್ಲದಿರುತ್ತದೆಯೇ?

ಕಷ್ಟ ಏನೆಂದರೆ, ಹಣ್ಣು ಬುಟ್ಟಿಯಲ್ಲಿದ್ದರೆ ನಾನು ಅದರ ಜಾತಕ ಹೇಳುತ್ತೇನೆ. ಹಣ್ಣಿಲ್ಲದ ಗಿಡ ನನಗೆ ಹೆಸರು ಮರೆತ ನೆಂಟನ ಹಾಗೆ. ಎಲ್ಲೋ ನೋಡಿದ್ದೇನೆ, ಯಾರೆಂದು ಕೇಳಲು ನಾಚಿಕೆ. ಬೇಲಕ್ಕೆ ಮುಳ್ಳುಂಟು ಎಂಬುದೊಂದೇ ನನ್ನ ಪಾಂಡಿತ್ಯ. ಗುಡ್ಡದಲ್ಲಿ ಮುಳ್ಳಿಲ್ಲದ ಗಿಡ ಹುಡುಕುವುದೇ ಕಷ್ಟ. ಮೊದಲ ದಿನ ಬೆವರು ಸುರಿಸಿ ಅಗೆದು ತಂದದ್ದನ್ನು ತಿಪ್ಪಮ್ಮ ಗೋಡೆಯ ಮೇಲಿಂದಲೇ ಗುರುತಿಸಿದರು.

“ಕಾರೆ ಮುಳ್ಳು ತಂದೆಯಾ? ಬೇಲಿಗೇನಪ್ಪ?”

“ಹೂಂ ಅಕ್ಕ, ಬೇಲಿಗೆ.”

“ಮೊದಲೇ ಬೇಲಿ ಹಾಕಿದ್ದರೆ ಆಗ್ತಿತ್ತು. ಈಗ ಒಳಗೆ ಏನೈತೆ ಅಂತ?”

ಅವರ ಬಾಯಿಗೆ ಸಿಕ್ಕಬಾರದೆಂದು ಮರುದಿನ ತಂದ ಸಸಿಯನ್ನು ಗೋಣಿಯಲ್ಲಿ ಮುಚ್ಚಿ ತಂದೆ. ಇದಕ್ಕೆ ಉದ್ದುದ್ದ ಮುಳ್ಳು, ಎಲೆ ತಿಕ್ಕಿದರೆ ಘಮ. ಬೇಲದ ಎಲೆಗೂ ಘಮ ಉಂಟು ಎಂದು ಹಾಲಮ್ಮ ಹೇಳಿದ್ದು ನೆನಪಿತ್ತು. ಎರಡೂ ಗುಣ ಕೂಡಿದ ಮೇಲೆ ಇನ್ನೇನು? ಅದೇ ಗುಂಡಿಯಲ್ಲಿ, ಅದೇ ಎತ್ತರಕ್ಕೆ, ಅದೇ ಓರೆಯಲ್ಲಿ ನೆಟ್ಟೆ. ಗೊಬ್ಬರವಂತೂ ಬೇಕಾದಷ್ಟಿತ್ತು. ಸಸಿ ಹಿಡಿಯಿತು. ಹೊಸ ಚಿಗುರು ಕೂಡ ಬಿಟ್ಟಿತು. ಹೆಂಡತಿಗೆ ತೋರಿಸಿ ಶಹಭಾಸ್ ಎನಿಸಿಕೊಳ್ಳಬೇಕೆಂಬಷ್ಟು ಧೈರ್ಯ ಬಂತು.

ಹಾಲಮ್ಮ ಬಸ್ಸಿಳಿದು ಬಂದವಳು ಕಾಲು ಕೂಡ ತೊಳೆಯದೆ ನೇರ ಹಿತ್ತಿಲಿಗೆ ಹೋದಳು. ದಾಳಿಂಬೆ ಎಲ್ಲಿ ಎಂದು ಕೇಳಲಿಲ್ಲ, ನುಗ್ಗೆ ಎಲ್ಲಿ ಎಂದು ಕೇಳಲಿಲ್ಲ. ಮೂಲೆಯ ಗಿಡದ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದಳು.

“ಹೆಂಗೈತೆ?” ಎಂದೆ.

“ಚೆನ್ನಾಗೈತೆ” ಎಂದು ಒಳಗೆ ಹೋದಳು.

ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಸೋಮವಾರ ಬಂತು. ಬೆಳಿಗ್ಗೆ ಸ್ನಾನ ಮಾಡಿ ದೇವರ ಕೋಣೆಗೆ ಬಂದರೆ ಲಿಂಗದ ಮೇಲೆ ಹಸಿರೆಲೆ. ಹಿತ್ತಿಲ ಗಿಡದ ಚಿಗುರೇ. ನಾನು ಉಪದೇಶ ಮಾಡುವ ಅವಕಾಶ ಬಿಡುವವನಲ್ಲ.

“ಏನೇ ಇದು, ಬೇಲದ ಎಲೆ ಶಿವನಿಗೆ ಏರಿಸ್ತಾರಾ ಯಾರಾದ್ರೂ?”

“ಬೇಲದ ಎಲೆ ಏರಿಸಲ್ಲ” ಎಂದಳು ಹಾಲಮ್ಮ, ದೀಪದ ಬತ್ತಿ ಸರಿಮಾಡುತ್ತಾ. “ಬಿಲ್ವಪತ್ರೆ ಏರಿಸ್ತಾರೆ. ನನ್ನ ಗಿಡ ಎಲ್ಲಿ?”

ಒಂದು ತೊಟ್ಟಿಗೆ ಮೂರು ಎಲೆ. ಹುಟ್ಟಿದಾಗಿನಿಂದ ಪ್ರತಿ ಸೋಮವಾರ ಕಣ್ಣಿಗೆ ಒತ್ತಿಕೊಂಡ ಎಲೆ. ದೇವಸ್ಥಾನದ ಬುಟ್ಟಿಯಲ್ಲಿ ಕಂಡಿದ್ದೆನೇ ಹೊರತು ಗಿಡದಲ್ಲಿ ನಿಂತದ್ದನ್ನು ಎಂದೂ ನೋಡಿರಲಿಲ್ಲ. ದೇವರ ಎದುರಿಗೆ ಇನ್ನೇನು ಸುಳ್ಳು ಹೇಳುವುದು? ಹೊಟ್ಟು, ನಾಯಿ, ಬಳ್ಳಿ, ಚಿತ್ತಯ್ಯ, ಮೇಕೆ, ಎಲ್ಲ ಹೇಳಿದೆ. ಅವಳು ಒಂದೇ ಮಾತು ಕೇಳಿದಳು.

“ಮೇಕೆ ತಿಂದ ಗಿಡ ನೀರು ಹಾಕಿದ್ರೆ ಮತ್ತೆ ಚಿಗುರತಿತ್ತು. ಕಿತ್ತಿದ್ದು ಯಾಕ್ರಿ?”

ತಿಪ್ಪೆ ಕೆದಕಿ ನೋಡಿದೆವು. ಕಡ್ಡಿ ಒಣಗಿ ಸೌದೆಯಾಗಿತ್ತು.

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಹೊತ್ತಿಗೆ ಸರಿಯಾಗಿ ಮುದ್ದೆ ಹಾಕುತ್ತಿದ್ದಳು, ಸಾರು ಬಿಡುತ್ತಿದ್ದಳು, ಸಂಜೆ ಕೊಡ ತುಂಬಿಕೊಂಡು ಹಿತ್ತಿಲಿಗೆ ಹೋಗಿ ಬಿಲ್ವಕ್ಕೇ ನೀರು ಹಾಕಿ ಬರುತ್ತಿದ್ದಳು. ಒಂದು ದಿನ ಮಾತ್ರ ತಿಪ್ಪಮ್ಮನವರ ಹತ್ತಿರ ಹೇಳುವುದು ಕೇಳಿಸಿತು: “ನಮ್ಮವ್ವನದು ಅಂತ ನನ್ನ ಹತ್ರ ಇದ್ದಿದ್ದು ಅದೊಂದೇ ಅಕ್ಕ.” ಆ ಹೊತ್ತು ನನ್ನ ಬುದ್ಧಿವಂತಿಕೆಯನ್ನು ಯಾರಾದರೂ ಪುಕ್ಕಟೆ ಒಯ್ಯುತ್ತೇನೆಂದರೆ ಗಾಡಿ ಬಾಡಿಗೆಯನ್ನೂ ಕೊಟ್ಟು ಕಳಿಸುತ್ತಿದ್ದೆ.

ಇತ್ತ ಬಿಲ್ವದ ಸುದ್ದಿ ಕೇರಿಗೆಲ್ಲ ಹಬ್ಬಿತು. ಸೋಮವಾರ ಬೆಳಗಾದರೆ ಹೆಂಗಸರು ತಟ್ಟೆ ಹಿಡಿದು ಬರತೊಡಗಿದರು. ಕಿತ್ತು ಬೇರೆ ಕಡೆ ನೆಡೋಣವೆಂದರೆ, ಬಿಲ್ವ ಕೀಳುವುದುಂಟೆ ಎಂದು ಎಲ್ಲರೂ ಕಿವಿ ಮುಚ್ಚಿಕೊಂಡರು. ಹಿತ್ತಿಲ ಒಳ್ಳೆಯ ಮೂಲೆ ಶಿವನ ಪಾಲಾಯಿತು.

ಮಾರುಕಟ್ಟೆಗೆ ರಜೆಯಿದ್ದ ದಿನ, ಯಾರಿಗೂ ಹೇಳದೆ ಹೊಸದುರ್ಗದ ಬಸ್ಸು ಹತ್ತಿ ಮತ್ತೋಡಿಗೆ ಹೋದೆ. ಮರ ಕಡಿದರೂ ಬೇರು ಸತ್ತಿರಲಾರದು ಎಂಬುದು ನನ್ನ ಲೆಕ್ಕ. ಜೀವನದಲ್ಲಿ ಮೊದಲ ಬಾರಿ ಗಿಡದ ವಿಷಯದಲ್ಲಿ ನನ್ನ ಲೆಕ್ಕ ಸರಿಯಾಗಿತ್ತು. ಕೊಟ್ಟಿಗೆಯ ಹಿಂದಿನ ಗೋಡೆಯ ಪಕ್ಕ ಹಳೆಯ ಬೇರಿನಿಂದ ಒಂದು ಮೋಸು, ಅಂದರೆ ಮರಿಗಿಡ, ಎದ್ದಿತ್ತು. ಈ ಸಲ ಎಲೆ ಎಣಿಸಿದೆ, ತಿಕ್ಕಿ ಮೂಸಿದೆ, ಬೇರು ಎಲ್ಲಿಂದ ಬಂದಿದೆ ಎಂದು ಮಣ್ಣು ಕೆದರಿ ನೋಡಿದೆ.

ರುದ್ರಪ್ಪ ಹಿಂದೆ ಬಂದು ನಿಂತಿದ್ದ. “ಏನು ಭಾವ, ಕೊಟ್ಟಿಗೆ ಮೂಸ್ತಾ ಇದೀಯ?”

ನನ್ನ ಕಸುಬಿನ ಚಾಳಿ ಬಿಡಲಿಲ್ಲ. “ಈ ಮೋಸು ಯಾಕೋ ಸೊರಗೈತಲ್ಲೋ ರುದ್ರಪ್ಪ. ನಿನ್ನ ಗೋಡೆಗೂ ಬಿರುಕು ಬಿಡಿಸತೈತೆ. ಬೇಕಾದ್ರೆ ನಾನೇ ಅಗೆದು ಒಯ್ತೀನಿ.”

“ಸೊರಗಿದ್ದು ನಿನಗ್ಯಾಕೆ ಭಾವ? ಇರಲಿ ಬಿಡು, ಎಮ್ಮೆ ಮೈ ಉಜ್ಜಿಕೊಳ್ಳಾಕೆ ಬೇಕು.”

“ಹಂಗಲ್ಲೋ...”

“ಹೆಂಗೆ? ಅಕ್ಕನ ಗಿಡ ಒಂದು ಇತ್ತಲ್ಲ, ಅದೇನಾಯ್ತು?”

ಹಾಲಮ್ಮನಿಂದ ಹಿರಿಯೂರಿನ ತಂಗಿಗೆ, ತಂಗಿಯಿಂದ ಇವನಿಗೆ ಆಗಲೇ ಎಲ್ಲ ತಲುಪಿತ್ತು. ಕಣ್ಣಲ್ಲೇ ಗೊತ್ತಾಗುತ್ತಿತ್ತು. ಬೆಲೆಯೆಂದು ಹಿಡಿ ಕಾಳನ್ನೂ ಕೇಳಲಿಲ್ಲ ಅವನು. “ನಡೆದಿದ್ದು ನಡೆದಂಗೆ, ನಿನ್ನ ಬಾಯಲ್ಲೇ ಹೇಳು. ಮೋಸು ತಗೊಂಡು ಹೋಗು” ಎಂದ. ಹೇಳಲು ಬಾಯಿ ತೆಗೆದೆ. “ತಡಿ ತಡಿ” ಎಂದು ಹೆಂಡತಿಯನ್ನು ಕರೆದ, ಮಕ್ಕಳನ್ನು ಕರೆದ, ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ನನ್ನ ಮಾವನವರನ್ನೂ ಕರೆದು ಕೂರಿಸಿದ. ಹೇಳಿದೆ. ಚಿತ್ತಯ್ಯ ಕೈ ಮುಗಿದ ಭಾಗಕ್ಕೆ ಬಂದಾಗ ಮಾವನವರು ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಎದುರುಮನೆಯವರು ಬಂದರು. “ಭಾವ, ಇವರು ಮೊದಲಿಂದ ಕೇಳಿಲ್ಲ” ಎಂದ ರುದ್ರಪ್ಪ. ಮತ್ತೆ ಹೊಟ್ಟಿನಿಂದ ಶುರು ಮಾಡಿದೆ.

ಆಮೇಲೆ ರುದ್ರಪ್ಪನೇ ಹಾರೆ ತಂದು, ಬೇರು ಕಡಿಯದಂತೆ ಅಗಲವಾಗಿ ಅಗೆದು, ಮಣ್ಣಿನ ಮುದ್ದೆ ಸಮೇತ ಗೋಣಿಯಲ್ಲಿ ಕಟ್ಟಿಕೊಟ್ಟ. ಕಟ್ಟುವಾಗ ತಲೆ ಎತ್ತಲಿಲ್ಲ. “ಮರ ಕಡಿಸಿದಾಗ ಅಕ್ಕ ನನ್ನ ಹತ್ರಾನೂ ಮಾತಾಡಿರಲಿಲ್ಲ ಭಾವ. ಇದು ಹಿಡೀತು ಅಂದ್ರೆ ಹೇಳಿ ಕಳಿಸು” ಎಂದ.

ಬಸ್ಸಿನಲ್ಲಿ ಗೋಣಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಹಾಲಮ್ಮ ಗಂಟು ಬಿಚ್ಚಿದಳು. ಒಂದು ಎಲೆ ತಿಕ್ಕಿ ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿಕೊಂಡಳು. ಕಣ್ಣು ಬಿಟ್ಟು, “ರುದ್ರ ಪುಕ್ಕಟೆ ಕೊಟ್ನಾ?” ಎಂದಳು. ಕೊಟ್ಟ ಬೆಲೆ ಏನೆಂದು ಹೇಳಿದೆ. ಎದುರುಮನೆಯವರು ಬಂದದ್ದು, ಮತ್ತೆ ಮೊದಲಿನಿಂದ ಹೇಳಿದ್ದು ಎಲ್ಲ. ಬೇಸಿಗೆ ಶುರುವಾದ ಮೇಲೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ಅಂದೇ.

ಬಿಲ್ವದಿಂದ ದೂರ ಇನ್ನೊಂದು ಮೂಲೆಯಲ್ಲಿ ಅವಳೇ ಗುಂಡಿ ತೆಗೆದು ನೆಟ್ಟಳು. ಬುಡಕ್ಕೆ ಹೊಂಗೆ ಸೊಪ್ಪು ಹೊದಿಸಿದಳು. ಹೊಂಗೆಯನ್ನು ಕುರಿ ತಿನ್ನುವುದಿಲ್ಲ, ಗಾಳಿ ಒಯ್ಯುವುದಿಲ್ಲ, ಕೊಳೆತರೆ ಗೊಬ್ಬರ. ಇಷ್ಟು ಸುಲಭದ್ದು ನನ್ನ ತಲೆಗೆ ಯಾಕೆ ಹೊಳೆಯಲಿಲ್ಲ ಎಂದೆ. “ನಮ್ಮ ಹಿತ್ತಿಲಾಗೇ ಮರ ಐತಲ್ಲ. ಕೊಂಡು ತರೋ ಹಂಗಿಲ್ಲ, ಚೌಕಾಸಿ ಮಾಡೋ ಹಂಗಿಲ್ಲ, ಅದಕ್ಕೆ” ಎಂದಳು. ಗಿಡ ಹಿಡಿಯಿತು. ರುದ್ರಪ್ಪನಿಗೆ ಹೇಳಿ ಕಳಿಸಿದೆವು. ಈಗ ಅವರ ಕಡೆ ಮದುವೆಯಾಗಲಿ, ತೊಟ್ಟಿಲಾಗಲಿ, ಊಟದ ಪಂಕ್ತಿ ಎದ್ದ ಮೇಲೆ “ಭಾವ, ಶುರು ಮಾಡು” ಎನ್ನುತ್ತಾನೆ. ನಾನು ಹೇಳುತ್ತೇನೆ. ಎಲ್ಲಿ ನಿಲ್ಲಿಸಿದರೆ ಎಷ್ಟು ನಗುತ್ತಾರೆ ಎಂಬುದು ಈಗ ನನಗೆ ಬಾಯಿಪಾಠ.

ಗಿಡದ ಸುತ್ತ ಹಾಲಮ್ಮ ಪದರ ಪದರವಾಗಿ ಮುಳ್ಳಿನ ಬೇಲಿ ಹಾಕಿಸಿ, ಒಂದು ಪುಟ್ಟ ಬಾಗಿಲಿಟ್ಟು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ. ಮೊನ್ನೆ ಮಾರುಕಟ್ಟೆಯ ಗೆಳೆಯರೊಬ್ಬರು ಮನೆಗೆ ಬಂದಿದ್ದರು. ಬೇಲಿಯ ಎತ್ತರ ನೋಡಿ, “ಏನು ತಂಗಿ, ನಿಮ್ಮ ಕಡೆ ಕುರಿ ಕಾಟ ಬಾಳ ಐತಾ?” ಎಂದು ಕೇಳಿದರು.

“ಕುರಿ ಕಾಟ ಏನೂ ಇಲ್ಲಣ್ಣ, ಅವು ಹೊಂಗೆ ಮೂಸಿ ನೋಡಿ ಸುಮ್ಮನೆ ಹೋಗ್ತಾವೆ” ಎಂದಳು ಹಾಲಮ್ಮ, ಕಾಫಿ ಲೋಟ ಅವರ ಕೈಗೆ ಕೊಡುತ್ತಾ. “ಬೇಲಿ ಹಾಕಿಸಿರೋದು ಇವರಿಗೆ.”

ನಾನು ಬೇಲಿಯ ಈಚೆ ನಿಂತು ಕಾಫಿ ಕುಡಿದೆ.